ಸಣ್ಣ ಓ

ನೆಲ ಪರಸಿ, ಗೋಡೆ ಪರಸಿ, ಮಾಡಿಗೂ ಪರಸಿ.
ಮಾರ್ಚ್ ಬಂತೆಂದರೆ ಶಹಾಬಾದದ ಒಂಬತ್ತನೇ ತರಗತಿ
ಮೂರು ಕಡೆಯಿಂದ ಬೇಯುವ ರೊಟ್ಟಿ.

ಕಾಲಿನಿಂದ ನೆಲ ಬಡಿದು ಕೇಳಿದೆ:
ಇದರ ಹೆಸರೇನು?
ಪರಸಿ, ಅಂದ ಒಬ್ಬ.
ಶಹಾಬಾದಿ, ಅಂದಳು
ಪುಣೆಗೆ ಲಾರಿ ಹೊಡೆಯುವವನ ಮಗಳು.
ಎಲ್ಲಾ ಖರೆ. ಪರೀಕ್ಷೆಗೆ ಮಾತ್ರ
ಕ್ಯಾಲ್ಸಿಯಂ ಕಾರ್ಬೊನೇಟ್:
ಮೊದಲು ಲೋಹ, ಹಿಂದೆ ಅದರ ಕೈ ಹಿಡಿದದ್ದು.

ಪಾಠವೆಲ್ಲ ಕೈಗಳದ್ದೇ.
ಸೋಡಿಯಂಗೆ ಒಂದು, ಕ್ಯಾಲ್ಸಿಯಂಗೆ ಎರಡು,
ಅಲ್ಯುಮಿನಿಯಂಗೆ ಮೂರು ಕೈ ಅಂದರೆ ಹಿಂದಿನ ಬೆಂಚು ನಗುತ್ತದೆ.
ನನ್ನ ಅಂಕಿ ನಿನ್ನ ಕಾಲಿಗೆ, ನಿನ್ನದು ನನ್ನ ಕಾಲಿಗೆ,
ಎರಡಕ್ಕೆರಡು ಎದುರಾದರೆ ಎರಡನ್ನೂ ಅಳಿಸು,
ಸಾಲಕ್ಕೆ ಸಾಲ ವಜಾ.
ಒಂದನ್ನು ಬರೆಯುವುದೇ ಇಲ್ಲ.
"ಯಾಕ್ರೀ ಮೇಡಂ?" ಅಂದ ಸಾಬಣ್ಣ.
ಒಬ್ಬನೇ ಇದ್ದರೆ ಯಾರು ಎಣಿಸುತ್ತಾರೆ,
ಅಂತ ಬಾಯಿಗೆ ಬಂದಿತ್ತು.
"ರೂಢಿ" ಅಂದೆ.

ಕಂಸದ ಹತ್ತಿರ ಎಲ್ಲರೂ ಎಡವುತ್ತಾರೆ.
ಸಿಎ, ಕಂಸದೊಳಗೆ ಓಎಚ್, ಹೊರಗೆ ಕೆಳಗೆ ಎರಡು.
ಕಂಸ ಮರೆತರೆ ಎರಡೂ ಹೈಡ್ರೋಜನ್ನಿನ ಪಾಲು,
ಆಕ್ಸಿಜನ್ನಿಗೆ ಮೋಸ.
ಜೈನಾಬಿ ಎದ್ದು ನಿಂತಳು:
"ಟಂಟಂ ಇದ್ದಂಗ್ರಿ. ಎರಡು ಟಂಟಂ,
ಒಂದೊಂದ್ರಾಗ ಇಬ್ಬಿಬ್ಬರು."
ಇಪ್ಪತ್ತೆರಡು ವರ್ಷದ ನನ್ನ ಪಾಠವನ್ನು
ಅಂದೇ ಅಳಿಸಿದೆ.

ಅವಳ ಅಜ್ಜ ಮಶಾಕಸಾಬರದು ಸುಣ್ಣದ ಭಟ್ಟಿ.
ಸುಟ್ಟದ್ದು ಕಲಿಚೂನಾ,
ನೀರು ಕುಡಿದು ಬುಸ್ಸೆಂದು ಅರಳಿದ್ದು ಸುಣ್ಣ,
ಗೋಡೆಗೆ ಹತ್ತಿ, ಗಾಳಿ ಉಂಡು, ತಿಂಗಳುಗಟ್ಟಲೆ ಕೂತು
ಮತ್ತೆ ಕಲ್ಲು.
ಅಕ್ಷರಕ್ಕೆ ಮೊದಲೇ ಅವಳಿಗೆ ಮೂರು ಸಂಯುಕ್ತ ಗೊತ್ತಿದ್ದವು,
ಅಂಗೈ ಬೊಬ್ಬೆ ಸಮೇತ.
ನಾನು ಕಲಿಸಿದ್ದು ಬರೇ ಕಾಗುಣಿತ.

ಆ ಕಾಗುಣಿತದಲ್ಲೇ ತಪ್ಪಿದಳು, ಕಿರುಪರೀಕ್ಷೆಯಲ್ಲಿ.
ಕೋಬಾಲ್ಟ್‌ನ ಸಂಕೇತಕ್ಕೆ
ದೊಡ್ಡ ಸಿ, ದೊಡ್ಡ ಓ.
ಕೆಂಪು ಗೆರೆ ಎಳೆದು ಅರ್ಧ ಅಂಕ ಕಿತ್ತೆ,
ಬೋರ್ಡಿಗೆ ತಿರುಗಿ ಹೇಳಿದೆ:
ಓ ಸಣ್ಣದಾದರೆ ಗಾಜಿಗೆ ನೀಲಿ ಕೊಡುವ ಲೋಹ,
ದೊಡ್ಡದಾದರೆ ಕಾರ್ಬನ್ ಮೊನಾಕ್ಸೈಡ್.
ಬಣ್ಣವಿಲ್ಲ, ವಾಸನೆಯಿಲ್ಲ,
ಗಾಳಿ ಸಾಲದೆ ಉರಿವ ಬೆಂಕಿಯ ಬದಿಗೆ
ಚಳಿಗೆಂದು ಮಲಗಿದವರು

ಅಲ್ಲಿಗೆ ನಿಲ್ಲಿಸಿದೆ. ತಡವಾಗಿತ್ತು.
ಊರಿಗೇ ಗೊತ್ತಿದ್ದ ಸುದ್ದಿ ನನಗೆ ಆಗ ನೆನಪಾಯಿತು.

ಏಳು ವರ್ಷದಿಂದ ಆ ಮನೆಯಲ್ಲಿ ಅದಕ್ಕೆ
ಹವಾ ಬಡಿದದ್ದು ಅಂತ ಹೆಸರು,
ಅಜ್ಜಿಯ ಬಾಯಲ್ಲಿ ನಸೀಬ,
ಪಂಚನಾಮೆಯಲ್ಲಿ ಆಕಸ್ಮಿಕ.
ಅಪ್ಪ ನಿದ್ದೆಯಲ್ಲಿದ್ದ ಹಾಗೇ ಇದ್ದನಂತೆ,
ಕೆನ್ನೆ ಕೆಂಪಗೆ.

ಎಲ್ಲರೂ ಹೋದ ಮೇಲೆ ಅವಳು ಕೂತು
ನೆಲದ ಪರಸಿಯ ಮೇಲೆ ಚಾಕಿನಿಂದ ಬರೆಯುತ್ತಿದ್ದಳು:
ದೊಡ್ಡ ಸಿ. ದೊಡ್ಡ ಓ.
"ಒಂದು, ಒಂದು. ಬರೆಯಂಗಿಲ್ಲ, ಹೌದಲ್ರಿ?"
ಹೌದು.
"ಉರ್ದುದಾಗ ಬರದ್ರೂ ಹಿಂಗೇ ಏನ್ರಿ?"
ಯಾವ ಊರಲ್ಲಿ ಬರೆದರೂ ಹೀಗೇ.
"ಹಂಗಾರ ಅಮ್ಮೀಗಿ ತೋರಿಸ್ತೀನಿ.
ಆಕಿಗಿ ಓದಾಕ ಬರಂಗಿಲ್ಲ,
ಎರಡೇ ಅಕ್ಷರ, ಹೇಳಿಕೊಡ್ತೀನಿ."

ಚಾಕಿನ ಚೂರು ಕೇಳಿದಳು. ಕೊಟ್ಟೆ.
ಅರ್ಧ ಅಂಕದ ಮಾತು
ಇಬ್ಬರೂ ಎತ್ತಲಿಲ್ಲ.