ಅಡುಗೆಮನೆಯ ಬೆನ್ನಿಗಿದ್ದ ಕೋಣೆ

ರೆಸಿಫಿಯ ಈ ಹಳೆಯ ಕಟ್ಟಡದಲ್ಲಿ,
ಆರನೇ ಮಹಡಿಯಲ್ಲಿ,
ಅಡುಗೆಮನೆಯ ಬೆನ್ನಿಗೆ ಅಂಟಿಕೊಂಡು
ಒಂದು ಕೋಣೆ.
ನಕಾಶೆಯಲ್ಲಿ ಅದಕ್ಕೆ ಹೆಸರಿಲ್ಲ, ಬರೀ ಒಂದು ಅಕ್ಷರ.
ಮನೆ ತೋರಿಸಿದ ದಲ್ಲಾಳಿ ಅದರ ಬಾಗಿಲು ತೆರೆಯದೆ
"ಉಗ್ರಾಣ ಅಂದುಕೊಳ್ಳಿ" ಅಂದಿದ್ದ.
ಹನ್ನೊಂದು ವರ್ಷ ಹಾಗೇ ಅಂದುಕೊಂಡೆವು.

ಇಸ್ತ್ರಿ ಹಲಗೆ, ಗಾಳಿ ಹೋದ ಸೈಕಲ್ಲು,
ಕ್ರಿಸ್‌ಮಸ್ಸಿನ ಗೋದಲಿ, ಲೌರುವಿನ ತಾಯಿ ಕೊಟ್ಟ
ಯಾರಿಗೂ ಬೇಡದ ಹನ್ನೆರಡು ಪಿಂಗಾಣಿ ತಟ್ಟೆ,
ಎಸೆಯಲು ಮನಸ್ಸಾಗದ್ದು,
ನಾಲ್ಕು ಜನರಿಗೆ ತೋರಿಸಲಾಗದ್ದು
ಎಲ್ಲ ಅಲ್ಲಿಗೆ ಹೋಗಿ ಬೀಳುತ್ತಿತ್ತು.
ಕಿಟಕಿ ಅಂತ ಇದ್ದದ್ದು
ಚಾವಣಿಯ ಹತ್ತಿರ ಅಂಗೈ ಅಗಲದ ಜಾಲರಿ.
ಅದರಿಂದ ಬರುತ್ತಿದ್ದುದು ಬೆಳಕಲ್ಲ,
ಕೆಳಗಿನ ಮನೆಯ ಬೆಳ್ಳುಳ್ಳಿ ವಾಸನೆ.

ಈಗ ಅಡುಗೆಮನೆ ಒಡೆಸುತ್ತಿದ್ದೇವೆ.
ಕಟ್ಟೆಯ ಕಲ್ಲು ಬಿರುಕು ಬಿಟ್ಟಿದೆ,
ನಲ್ಲಿ ರಾತ್ರಿಯಿಡೀ ಗೊಣಗುತ್ತದೆ.
ಲೌರು ಹೇಳಿದ: ಗೋಡೆ ಕೆಡವಿ
ಆ ಕೋಣೆಯನ್ನೂ ಒಳಗೆ ಎಳೆದುಕೊಳ್ಳೋಣ,
ಫ್ರಿಜ್ಜಿಗೆ ಜಾಗ ಆಗತ್ತೆ.
ನಾನು: ಅಲ್ಲ, ಊಟದ ಮೇಜಿಗೆ.
ಮೂರು ವಾರ ಫ್ರಿಜ್ಜೋ ಮೇಜೋ ಎಂದು
ಮಲಗುವ ಮುಂಚೆ ಕಾದಾಡಿದೆವು.
ಅಲ್ಲಿ ಯಾರು ಮಲಗುತ್ತಿದ್ದರು ಎಂದು
ಇಬ್ಬರೂ ಕೇಳಿಕೊಳ್ಳಲಿಲ್ಲ.

ಗಾರೆಯವ ಅದೆನಿಲ್ಸನ್ ಬಂದ,
ಅರವತ್ತರ ಹತ್ತಿರದವನು, ಮಾತು ಕಡಿಮೆ.
ಟೇಪು ಬಿಚ್ಚಲಿಲ್ಲ.
ಸಾಮಾನು ಸರಿಸಿ, ಚಪ್ಪಲಿ ಕಳಚಿ
ಖಾಲಿ ನೆಲದ ಮೇಲೆ ಅಂಗಾತ ಮಲಗಿದ.
ತಲೆ ಈ ಗೋಡೆಗೆ, ಕಾಲು ಆ ಗೋಡೆಗೆ;
ಮಂಡಿ ಸ್ವಲ್ಪ ಮಡಚಬೇಕಾಯಿತು.
"ಒಂದು ಮೀಟರ್ ಅರವತ್ತು," ಅಂದ ಚಾವಣಿ ನೋಡುತ್ತ,
"ಎಲ್ಲ ಕಟ್ಟಡದಲ್ಲೂ ಇಷ್ಟೇ.
ನಮ್ಮಮ್ಮ ಗಿಡ್ಡ. ಅವಳಿಗೆ ಸಾಕಾಗುತ್ತಿತ್ತು.
ನಾನು ಮಂಚದ ಕೆಳಗೆ,
ಏಳು ವರ್ಷ ಆಗೋವರೆಗೆ."
ಎದ್ದು, ಪ್ಯಾಂಟು ಕೊಡವಿಕೊಂಡು,
ಸಿಮೆಂಟು ಎಷ್ಟು ಮೂಟೆ ಅಂತ ಲೆಕ್ಕಕ್ಕೆ ಕೂತ.

ಬುಧವಾರ ಗೋಡೆಗೆ ಸುತ್ತಿಗೆ ಬಿತ್ತು.
ಧೂಳು ಕಾಫಿಗೆ, ಹಾಸಿಗೆಗೆ, ಹಲ್ಲಿನ ಸಂದಿಗೆ.
ಮಧ್ಯಾಹ್ನ ಇಟ್ಟಿಗೆ ರಾಶಿಯ ಪಕ್ಕ
ಇಬ್ಬರೂ ಡಬ್ಬಿ ತೆರೆದು ಕೂತೆವು;
ಅವನದು ಅನ್ನ, ಬೀನ್ಸ್ ಕಾಳು, ಮರಗೆಣಸಿನ ಹುರಿಹಿಟ್ಟು.
ಆಗ ಬಾಗಿಲ ಚೌಕಟ್ಟಿನ ಮೇಲೆ
ಬಣ್ಣ ಮೆತ್ತಿ ಮೆತ್ತಿ ಗುಳ್ಳೆಯಂತಾಗಿದ್ದ ಏನೋ ಒಂದು,
ಹರಿದ ತಂತಿಗೆ ತಂತಿ ತಾಗಿತೋ ಏನೋ,
ಕರ್ರೆಂದು ಕೂಗಿತು.

ಕರೆಗಂಟೆ.
ಮುಂಚಿನ ಒಡತಿ ದೋನಾ ಝುಲ್ಮೀರಾ ಕಾಲದ್ದಿರಬೇಕು,
ಊಟದ ಮನೆಯ ಮೇಜಿನ ಕೆಳಗೆ
ಕಾಲಿಗೆ ಸಿಗುವಂತೆ ಗುಂಡಿ ಇತ್ತಂತೆ,
ಯಾರೋ ಹೇಳಿದ್ದ ನೆನಪು.

ಅದೆನಿಲ್ಸನ್ ಎದ್ದು ನಿಂತಿದ್ದ.
ಬಾಯಲ್ಲಿ ತುತ್ತು, ಕೈಯಲ್ಲಿ ಚಮಚ,
ಮುಖ ಊಟದ ಮನೆಯ ಕಡೆಗೆ.
ನಾನು ಕೂತೇ ಇದ್ದೆ.
ಗಂಟೆ ನನ್ನನ್ನು ಕರೆದದ್ದಲ್ಲ ಅಂತ
ನನ್ನ ಮೈಗೆ ಹೇಗೆ ಗೊತ್ತಿತ್ತೋ.

ತುತ್ತು ನುಂಗಿ, ಇಕ್ಕಳ ತಂದು ತಂತಿ ಕತ್ತರಿಸಿದ.
ಗಂಟೆಯನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡ.
ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ.
ಬಿಲ್ಲಿನಲ್ಲಿ ಮರಳಿನಿಂದ ಮೊಳೆಯವರೆಗೆ
ಎಲ್ಲ ಬರೆದಿದ್ದ, ಅದೊಂದು ಬಿಟ್ಟು.

ಈಗ ಅಲ್ಲಿ ಮೇಜಿದೆ. ಫ್ರಿಜ್ಜು ಸೋತಿತು.
ಜಾಲರಿ ಇದ್ದಲ್ಲಿ ದೊಡ್ಡ ಕಿಟಕಿ,
ನದಿಯ ಒಂದು ತುಂಡು, ಸಂಜೆಯ ಹೊತ್ತು ಗಾಳಿ.
ಬಂದವರೆಲ್ಲ ಎಷ್ಟು ವಿಶಾಲವಾಯಿತು ಅನ್ನುತ್ತಾರೆ.
ನೆಲ ಮಾತ್ರ ಕೂಡಿಲ್ಲ:
ಅಡುಗೆಮನೆಯದು ಹೂಬಳ್ಳಿಯ ಟೈಲ್ಸು,
ಅಲ್ಲಿಯದು ಬರೀ ಕೆಂಪು ಗಾರೆ,
ನಡುವೆ ಗೋಡೆ ನಿಂತಿದ್ದ ಗುರುತು, ಗೇಣಗಲ.
ಬದಲಿಸೋಣ ಅಂತ ಲೌರು. ಬೇಡ ಅಂತ ನಾನು.
ಆ ಕಡೆ ನೆಲ ಅರ್ಧ ಬೆರಳು ತಗ್ಗು,
ಮೇಜಿನ ಒಂದು ಕಾಲು ಕುಂಟುತ್ತದೆ;
ಅದರಡಿಗೆ ಆ ಹಳೆಯ ನಕಾಶೆಯನ್ನೇ
ಎಂಟು ಮಡಿಕೆ ಮಾಡಿ ಇಟ್ಟಿದ್ದೇನೆ.
ಆದರೂ ಯಾರಾದರೂ ಮೊಣಕೈ ಊರಿದರೆ
ಸಾರು ತುಳುಕುತ್ತದೆ.