ಬಾಯಿ ತೆಗೀರಿ

ಬಾಗೇಪಲ್ಲಿಯ ಗೂಳೂರು ರಸ್ತೆ. ಕೆಳಗೆ ಗೊಬ್ಬರದಂಗಡಿ,
ಮೇಲೆ ಎರಡು ಕುರ್ಚಿಯ ನಮ್ಮ ಕ್ಲಿನಿಕ್ಕು.
ಹದಿನಾಲ್ಕು ವರ್ಷದಿಂದ ನಾನಲ್ಲಿ ಲೈಟು ಹಿಡಿಯುವವಳು.
ಬಂದವರ ಊರು ಕೇಳುವುದಿಲ್ಲ.
ಬಾಯಿ ತೆಗೀರಿ ಅಂತೀನಿ, ಅಷ್ಟೆ.

ಸುಣ್ಣದ ಚುಕ್ಕಿ ಇದ್ದರೆ ಮೇಲುಮೇಲಿನ ನೀರು.
ಹಳದಿ ಗೆರೆ ಅಡ್ಡಡ್ಡ ಹಾದಿದ್ದರೆ ಬೋರು ಆಳಕ್ಕೆ ಇಳಿದ ವರ್ಷಗಳು.
ಕಾಫಿ ಚೆಲ್ಲಿ ಒಣಗಿದ ಹಾಗೆ ಕಂದು, ಅಲ್ಲಲ್ಲಿ ಗುಳಿ:
ಸಾವಿರದ ಇನ್ನೂರು ಅಡಿ, ಗಡಿಯ ಆಚೆ ಈಚೆ ಎರಡೂ ಒಂದೇ.
ಇವೆಲ್ಲ ಪುಸ್ತಕದಲ್ಲಿಲ್ಲ ಆದಿಲಕ್ಷ್ಮೀ, ಅಂತ ಡಾಕ್ಟರು ನಗುತ್ತಾರೆ.
ಪುಸ್ತಕ ಬರೆದವರು ಯಾವ ನೀರು ಕುಡಿದಿದ್ದರೋ.

ಹೋದ ವಾರ ಅಕ್ಕತಂಗಿಯರು ಬಂದಿದ್ದರು, ಪೋಸ್ಟಾಫೀಸಿನವರ ಮಕ್ಕಳು.
ಅಕ್ಕ ಇಲ್ಲಿ ಬೆಳೆದವಳು. ತಂಗಿ ಹುಟ್ಟಿದ್ದು
ಅಪ್ಪನಿಗೆ ಕಾರವಾರಕ್ಕೆ ವರ್ಗವಾದ ಮೇಲೆ.
ಅದೇ ಮೂಗು, ಅದೇ ಹುಬ್ಬು,
ತುಟಿ ತೆರೆದರೆ ನಡುವೆ ಆರುನೂರು ಕಿಲೋಮೀಟರು.
ತಂಗಿ ನಕ್ಕಾಗೆಲ್ಲ ಅಕ್ಕ ದುಪಟ್ಟಾ ಎತ್ತಿ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.
ಅದು ನನಗೆ ಗೊತ್ತಿರುವ ಕೈ.
ಮದುವೆಗೆ ಮುಂಚೆ ಚಿಂತಾಮಣಿಯ ಸ್ಟುಡಿಯೋದವನು
ಬಾಯಿ ಮುಚ್ಚಿಕೊಂಡು ನಗಮ್ಮ ಅಂದಿದ್ದ.
ಕದಿರಿಯ ಗಂಡು ಕೂಡ ಅವನ ಫೋಟೋದಲ್ಲಿ ಹಾಗೇ ನಕ್ಕಿದ್ದ.
ಎರಡೂ ಕಡೆಯವರು ಬಾಯಿ ತೆಗೆಯದೆ ಒಪ್ಪಿದರು.

ನಿನ್ನೆ ಬಂದವಳು ಪ್ರತಿಮಾ ಶೆಟ್ಟಿಗಾರ್, ಕುಂದಾಪುರದವಳಂತೆ,
ಕೈಯಲ್ಲಿ ಟ್ಯಾಬು, ದವಡೆಯಲ್ಲಿ ಬುದ್ಧಿಹಲ್ಲಿನ ನೋವು.
ಯಾವ ಜಿಲ್ಲೆಯವರು ಎಷ್ಟು ಚೆನ್ನಾಗಿ ಬದುಕುತ್ತಾರೆ,
ಅದರ ಲೆಕ್ಕ ಹಾಕುವುದು ಅವಳ ಕೆಲಸ.
ಇಂಜೆಕ್ಷನ್ ಹಿಡಿಯುವವರೆಗಾದರೂ ಸುಮ್ಮನಿರಬಾರದೇ? ಇಲ್ಲ,
ಅರ್ಧ ತುಟಿ ಜೋತುಬಿದ್ದರೂ ಕೇಳುತ್ತಾ ಹೋದಳು:
ಮನೆಗೆ ನಲ್ಲಿ ಇದೆಯಾ? ಇದೆ.
ನೀರು ಬರುತ್ತಾ ಅನ್ನುವ ಪ್ರಶ್ನೆ ಅದರಲ್ಲಿರಲಿಲ್ಲ.
ಪಕ್ಕದ ಬೆಂಚಿನ ಗಂಗುಲಮ್ಮನ ಕಡೆ ತಿರುಗಿ,
ಅಜ್ಜಿ, ನಿಮ್ಮ ಬದುಕಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?
ಗಂಗುಲಮ್ಮ ಎಲೆಯಡಿಕೆ ದವಡೆಗೆ ಒತ್ತರಿಸಿ ತೆಲುಗಿನಲ್ಲಿ ಕೇಳಿದಳು:
ಪೈ ಪಳ್ಳಕಾ, ಕಿಂದಿ ಪಳ್ಳಕಾ?
ಮೇಲಿನ ಹಲ್ಲಿಗೋ ಕೆಳಗಿನದ್ದಕ್ಕೋ ಅಂತಿದಾರೆ, ಅಂದೆ.
ಒಟ್ಟು ಇರೋದೇ ಏಳು, ಹತ್ತಕ್ಕೆ ಎಲ್ಲಿಂದ ತರಲಿ ಅಂತಿದಾರೆ.

ಹುಡುಗಿ ನಕ್ಕಳು, ಒಂದೇ ಪಕ್ಕಕ್ಕೆ.
ಎಷ್ಟು ಬಿಳಿ! ಅವರೂರಿನ ಬಾವಿಗೆ ಸುತ್ತು ಬಂದು ಕೈಮುಗಿಯಬೇಕು.
ಆದರೂ ಆ ಬಿಳುಪಿನ ಹಿಂದೆ ಮೂರು ಹುಳುಕು ಸಿಕ್ಕವು.
ಡಾಕ್ಟರು ನನ್ನ ಕಡೆ ಕಣ್ಣು ಮಿಟುಕಿಸಿದರು, ಸಮಾಧಾನಕ್ಕೆ.
ನನಗೆ ಬೇಡ ಆ ಸಮಾಧಾನ.
ಅವಳ ಹುಳುಕಿಗೆ ಸಿಮೆಂಟು ಇದೆ, ಅರ್ಧ ಗಂಟೆಯ ಕೆಲಸ.

ನಿಮ್ಮದೆಷ್ಟು ಮೇಡಂ, ಅಂದಳು ಹೊರಡುವಾಗ, ಹತ್ತಿ ಕಚ್ಚಿಕೊಂಡೇ.
ಆರು, ಅಂದೆ.
ಅದು ನನ್ನ ಮಗನ ವಯಸ್ಸು.

ಮೊದಲ ತುತ್ತು ತಿಂದ ದಿನದಿಂದ ಅವನಿಗೆ ಘಟಕದ ನೀರೇ.
ಐದು ರೂಪಾಯಿಯ ನಾಣ್ಯ, ಒಂದು ಕ್ಯಾನು.
ಶ್ರಾವಣದಲ್ಲಿ ಮೋಟಾರು ಸುಟ್ಟು ಹನ್ನೊಂದು ದಿನ ಬಾಗಿಲು ಹಾಕಿತ್ತು.
ಆ ಹನ್ನೊಂದು ದಿನ ಬೋರಿನದ್ದೇ ಕುಡಿದ.
ಅಷ್ಟಕ್ಕೆಲ್ಲ ಏನೂ ಆಗಲ್ಲ, ಅಂತಾರೆ ಡಾಕ್ಟರು.
ಇರಬಹುದು.
ರಾತ್ರಿ ಅವನು ಮಲಗಿದ ಮೇಲೆ ಕ್ಲಿನಿಕ್ಕಿನ ಸಣ್ಣ ಟಾರ್ಚು ಹಿಡಿದು
ಬಾಯಿ ತೆಗಿ ಕಂದಾ ಅಂತೀನಿ. ನಿದ್ದೆಯಲ್ಲೇ ತೆಗೀತಾನೆ.
ಮೇಲಿನವು ಇನ್ನೂ ವಸಡಿನೊಳಗೆ ಉಬ್ಬಿಕೊಂಡಿವೆ.
ಕೆಳಗೆ ಎರಡು ಬಂದಿವೆ. ಒಂದರ ತುದಿಯಲ್ಲಿ
ಏನೋ ಬೆಳ್ಳಗೆ. ಚುಕ್ಕಿಯೋ, ಟಾರ್ಚಿನ ಹೊಳಪೋ.