ಎರಡು ಮತ್ತು ಮೂರರ ನಡುವೆ

ಕೋಲಾರದ ಟೊಮೆಟೊ ಮಂಡಿಯಲ್ಲಿ
ಹರಾಜು ಕೂಗುತ್ತಿದ್ದ ನನ್ನ ಗಂಡ ಸೊಣ್ಣಪ್ಪ.
ಕೂಗುವುದು ಯಾರಿಗೂ ಬರುತ್ತದೆ,
ಅವನಿಗೆ ಬರುತ್ತಿದ್ದದ್ದು ನಿಲ್ಲಿಸುವುದು.

ಒಕಟೋಸಾರಿ...
ರೆಂಡೋಸಾರಿ...
ಬಾಕ್ಸಿನ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕೈ,
ಅಷ್ಟೆ, ಸುಮ್ಮನೆ.
ಆ ಸುಮ್ಮನೆಗೆ ಹೊರಗಿನ ವ್ಯಾಪಾರಿ ಬೆವರಿ
ಇನ್ನಿಪ್ಪತ್ತು ಅನ್ನುತ್ತಿದ್ದ.
ಬೆಳೆದವನ ಮಗಳ ಫೀಸು, ಡ್ರಿಪ್ ಪೈಪಿನ ಬಾಕಿ
ಆ ಸಂದಿನಲ್ಲೇ ಹುಟ್ಟುತ್ತಿದ್ದವು.

ವಡಗೂರು ಗೇಟಿನ ಹತ್ತಿರ ನಸುಕಿನ ನಾಲ್ಕಕ್ಕೆ
ದೀಪವಿಲ್ಲದೆ ನಿಂತ ಟ್ರ್ಯಾಕ್ಟರಿಗೆ ಬೈಕು ಹೊಡೆದು
ಹಣೆಯ ಹಿಂದೆ ಏನೋ ಜಜ್ಜಿತು.
ಬುರುಡೆಯ ಚೂರು ತೆಗೆದರು, ಮತ್ತೆ ಕೂರಿಸಿದರು.
ಹೆಸರು ಹೇಳ್ತಾರೆ, ನಡೀತಾರೆ,
ಕರಕೊಂಡು ಹೋಗಮ್ಮ ಎಂದರು.
ಸಂದು ಅಲ್ಲೇ ಉಳಿಯಿತು.
ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ.

ಮಂಡಿಗೆ ಮರಳಿದ ದಿನ
ಒಕಟೋರೆಂಡೋಮೂಡೋ ಒಂದೇ ಉಸಿರಿಗೆ,
ನಲವತ್ತು ಬಾಕ್ಸು ಮೊದಲ ಬಾಯಿಗೇ ಬಿಟ್ಟ.
ಮಾಲೀಕರು ಚಹಾ ಕೊಟ್ಟು ಮನೆಗೆ ಕಳಿಸಿದರು.
ಆಮೇಲೆ ಕಂತಿನಲ್ಲಿ ಮೂರು ಮಿಕ್ಸಿ.
ಸಾರು ಸಪ್ಪೆ ಎನ್ನುವ ಮೊದಲೇ ತಟ್ಟೆ ಗೋಡೆಗೆ.
ಬಂಗಾರಪೇಟೆ ಬಸ್ಸು ನಿಲ್ಲುವ ಮೊದಲೇ ಇಳಿದು ಮೊಣಕಾಲು ತರಚಿತು.
ಸಾವಿನ ಮನೆಯಲ್ಲಿ ನಿಂತು
ಹೆಣದ ಮೀಸೆ ಓರೆ ಇದೆ ಎಂದ
(ಓರೆಯಾಗೇ ಇತ್ತು, ಅದು ಬೇರೆ ಮಾತು).
ಕೊಬ್ಬು ಅಂದರು ನಾದಿನಿಯರು.
ಅತ್ತೆ ತಾಯಿತ ಕಟ್ಟಿದರು;
ಕಟ್ಟಿದ ಗಂಟು ಬಿಗಿಯುವ ಮೊದಲೇ ಕಿತ್ತೆಸೆದ.

ಊರಾಚೆಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ
ಬ್ರೇಕು ಎಂದರು, ವೈರು ಎಂದರು.
ನನಗೆ ನನ್ನ ಲೆಕ್ಕದಲ್ಲೇ ತಿಳಿಯಿತು.
ಕೆಲವರಿಗೆ ಹಿಡಿಯುತ್ತೆ, ಕೆಲವರಿಗಿಲ್ಲ,
ಇಪ್ಪತ್ತು ದಿನ ನೋಡೋಣ ಎಂದರು.
ಫಿಟ್ಸ್ ಬಂದಿತ್ತಾ ಎಂದು ಮೂರು ಸಲ ಕೇಳಿದರು.
ಶಾಜಿಯಾ ಎಂಬ ಹುಡುಗಿ ಕಿವಿಗೆ ಹತ್ತಿ ಇಟ್ಟು
ಎಂಟರ ಆಕಾರದ ಸುರುಳಿಯನ್ನು ಹಣೆಯ ಪಕ್ಕಕ್ಕೆ ತಂದಳು.
ಟಕಟಕಟಕ.
ಮರದ ಬಾಕ್ಸಿಗೆ ಮೊಳೆ ಹೊಡೆಯುವ ಹುಡುಗರ ಸದ್ದು!
ಅವನ ಹುಬ್ಬು ಹಾರಿತು, ನಕ್ಕ.
ಮಾಲು ಯಾರದು ಎಂದ.

ಅವನು ಏನೇನು ಮಾಡುತ್ತಾನೆ, ಪಟ್ಟಿ ಕೇಳಿದ್ದರು.
ಎಲ್ಲ ಬರೆಸಿದೆ.
ಒಂದು ಬರೆಸಲಿಲ್ಲ.

ಹದಿನೇಳು ವರ್ಷ ನನ್ನ ಮುಖ ನೋಡಿ
ಊಟಕ್ಕಿಡು ಎನ್ನುವುದರ ಆಚೆ ಮಾತಿಲ್ಲದವನು
ಕ್ಲಾಕ್ ಟವರಿನ ಬಳಿ, ಆಟೋಗಳ ನಡುವೆ,
ನನ್ನ ಗಲ್ಲ ಹಿಡಿದು ಹರಾಜಿನ ಗಂಟಲಲ್ಲಿ ಕೂಗಿದ್ದ:
ನೋಡ್ರೋ, ನನ್ನ ಹೆಂಡ್ತಿ ಎಷ್ಟು ಚೆನ್ನಾಗವ್ಳೆ!
ನಾಚಿ ಸೆರಗು ಮುಚ್ಚಿಕೊಂಡು ಓಡಿದೆ.
ರಾತ್ರಿ, ಎಲ್ಲ ಮಲಗಿದ ಮೇಲೆ,
ಕನ್ನಡಿ ನೋಡಿದೆ.

ಹದಿನಾಲ್ಕನೆಯ ದಿನ ಸಾರಿಗೆ ಉಪ್ಪು ಮರೆತಿದ್ದೆ.
ತಟ್ಟೆ ಎತ್ತಿದ.
ಮಗಳು ಹೇಮ ಮೊಣಕೈಯಲ್ಲಿ ಮುಖ ಮುಚ್ಚಿಕೊಂಡಳು.
ಕೈ ಗಾಳಿಯಲ್ಲಿ ನಿಂತಿತು.
ನಿಂತೇ ಇತ್ತು.
ಇಳಿಯಿತು.
ಉಪ್ಪು ಎಂದ.
ಅವಳು ಇಡೀ ಡಬ್ಬಿ ತಂದು ಅವನ ಮುಂದಿಟ್ಟಳು.

ಇಪ್ಪತ್ತನೆಯ ದಿನ, ಮರಳುವ ಬಸ್ಸಿನಲ್ಲಿ,
ಕಿಟಕಿಯ ಬಿಸಿಲು ನನ್ನ ಕೆನ್ನೆಗೆ ಬಿದ್ದಿತ್ತು.
ತಿರುಗಿ ನೋಡಿದ. ಬಾಯಿ ತೆರೆದ.
ಒಂದು. ಎರಡು.
ಮುಚ್ಚಿಕೊಂಡ.

ಏನು ಎಂದೆ.
ಏನಿಲ್ಲ ಎಂದ.

ಈ ಏನಿಲ್ಲಕ್ಕಾಗಿ ಒಂದೂವರೆ ವರ್ಷ
ಕಂಡ ಕಂಡ ದೇವರಿಗೆ ಕೈಮುಗಿದಿದ್ದೆ.
ಕಂಡಕ್ಟರು ಚಿಲ್ಲರೆ ಕೊಟ್ಟ.
ಎಣಿಸಿ, ಜೇಬಿಗಿಟ್ಟು, ಗುಂಡಿ ಹಾಕಿಕೊಂಡ.

ಅಲ್ಲ, ಏನು, ಹೇಳು,
ಎಂದೆ ಮತ್ತೆ,
ಸುತ್ತ ಜನ ತಿರುಗಿ ನೋಡುವಷ್ಟು ಜೋರಾಗಿ.